ಜಬೊಲಿಂಕಾ ಸಂಘದ ನಡಾವಳಿ ಪುಸ್ತಕ

1994ರ ಚಳಿಗಾಲದ ಹೊತ್ತಿಗೆ ಜಬೊಲಿಂಕಾ ಊರವರ ಸಹಾಯ ಸಂಘದಲ್ಲಿ ಉಳಿದಿದ್ದ ಸದಸ್ಯ ಒಬ್ಬನೇ. ಅಧ್ಯಕ್ಷ, ಕಾರ್ಯದರ್ಶಿ, ಸಭಿಕ ಎಲ್ಲವೂ ಅವನೇ. ಹೆಸರು ಫೈವೆಲ್ ಗರ್ಬರ್, ವಯಸ್ಸು ಎಂಬತ್ತು, ಮಾಂಟ್ರಿಯಲ್‌ನ ಕ್ಯಾವೆಂಡಿಶ್ ರಸ್ತೆಯಲ್ಲಿ ಮೂರನೇ ಮಹಡಿಯ ಮನೆ. ಸಮುದ್ರದಾಚೆಯ ಜಬೊಲಿಂಕಾ ಎಂಬ ಊರು ಭೂಮಿಯ ಮೇಲೆ ಈಗಲೂ ಇದೆಯಂತೆ. ಆದರೆ ಅಲ್ಲಿ ಯಹೂದಿ ಅನ್ನುವವನು ಒಬ್ಬನೂ ಇಲ್ಲ. ಆ ಊರಿನಿಂದ ಬಂದವರು ಇಲ್ಲಿ ಕಟ್ಟಿಕೊಂಡ ಸಂಘದಲ್ಲಿ ಒಂದು ಕಾಲಕ್ಕೆ ಇನ್ನೂರು ಜನರಿದ್ದರು. ಕಾಯಿಲೆ ಬಿದ್ದವನಿಗೆ ಡಾಕ್ಟರು, ಹಡಗಿಳಿದವನಿಗೆ ಕೆಲಸ, ಸತ್ತವನಿಗೆ ಮಣ್ಣು ಎಲ್ಲವನ್ನೂ ಸಂಘ ನೋಡಿಕೊಳ್ಳುತ್ತಿತ್ತು. ಈಗ ಅದರ ಆಸ್ತಿಯೆಂದರೆ ಫೈವೆಲ್‌ನ ಬಟ್ಟೆ ಕಪಾಟಿನ ತಳದಲ್ಲಿದ್ದ ಮೂರು ದಪ್ಪ ನಡಾವಳಿ ಪುಸ್ತಕ, ಮತ್ತೆ ಸ್ಮಶಾನದಲ್ಲಿ ಹೆಂಡತಿ ಹೆನ್ಯಾಳ ಪಕ್ಕದಲ್ಲಿ ಖಾಲಿ ಉಳಿದ ಒಂದು ಜಾಗ.

ಜನವರಿಯ ಒಂದು ಬೆಳಿಗ್ಗೆ ಫೋನು ಬಂತು. ತಪ್ಪು ನಂಬರೇ ಇರಬೇಕು ಅಂದುಕೊಂಡೇ ಎತ್ತಿದ.

"ಜಬೊಲಿಂಕಾ ಸಂಘದ ಕಾರ್ಯದರ್ಶಿಗಳಾ?" ಒಂದು ಹೆಣ್ಣು ದನಿ ಕೇಳಿತು.

ಹನ್ನೊಂದು ವರ್ಷಗಳಿಂದ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. "ಹೌದು, ನಾನೇ," ಅಂದ. ಯಾಕೋ ಎದ್ದು ನಿಂತುಕೊಂಡ.

ಫೋನು ಮಾಡಿದವಳು ರೊಜ್ಲಿನ್ ಪೊಮೆರಾಂಟ್ಸ್. ಐವತ್ತೆಂಟು ವರ್ಷದ, ಮದುವೆಯಾಗದ ಹೆಂಗಸು, ಮಕ್ಕಳಿಗೆ ಪಿಯಾನೋ ಹೇಳಿಕೊಡುವವಳು. ಹಿಂದಿನ ವರ್ಷ ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪನ ಅಪ್ಪನದೊಂದು ಫೋಟೋ ಸಿಕ್ಕಿತ್ತು. ಅದರ ಹಿಂಬದಿಯಲ್ಲಿ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಅಲ್ಲಿಂದ ಅವಳ ಅಲೆದಾಟ ಶುರುವಾಗಿತ್ತು. ನಗರದ ಪತ್ರಾಗಾರದಲ್ಲಿ ಸಾವಿನ ದಿನಾಂಕ ಸಿಕ್ಕಿತು. ಯಹೂದಿ ವಂಶಾವಳಿ ಸಂಘದವರು ಸ್ಮಶಾನದ ಕಚೇರಿಗೆ ಹೋಗಿ ವಿಚಾರಿಸಿ ಎಂದರು. ಸ್ಮಶಾನದವರು, ಆ ಸಾಲು ಜಬೊಲಿಂಕಾ ಸಂಘಕ್ಕೆ ಸೇರಿದ್ದು ಎಂದು ಹೇಳಿ, ಒಂದು ಹಳೇ ಕಾರ್ಡಿನಲ್ಲಿದ್ದ ನಂಬರು ಕೊಟ್ಟರು.

"ಈ ನಂಬರಿಗೆ ಯಾರಾದ್ರೂ ಫೋನ್ ಎತ್ತುತ್ತಾರೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ," ಅಂದಳು.

"ನಾನೂ ಅಂದ್ಕೊಂಡಿರ್ಲಿಲ್ಲಮ್ಮ," ಅಂದ ಫೈವೆಲ್.

ಮಂಗಳವಾರ ಮಧ್ಯಾಹ್ನ ಅವಳು ಬಂದಳು. ಬೂಟಿನ ಹಿಮ ಕೊಡವಿ, ಗಸಗಸೆ ಕೇಕಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಫೈವೆಲ್ ಗ್ಲಾಸಿನಲ್ಲಿ ಟೀ ಕೊಟ್ಟ.

"ಮಿಸ್ಟರ್ ಗರ್ಬರ್, ನಿಮಗೆ ತೊಂದ್ರೆ ಆಗ್ತಿಲ್ಲ ತಾನೇ?"

"ಮಿಸ್ಟರ್ ಅಂದ್ರೆ ಟ್ಯಾಕ್ಸ್ ಆಫೀಸಿನವರು ಬಂದ್ರೇನೋ ಅಂತ ಎದೆ ಧಸಕ್ಕನ್ನುತ್ತೆ. ಫೈವೆಲ್ ಅನ್ನಿ."

"ದೊಡ್ಡವರನ್ನ ಹೆಸರು ಹಿಡಿದು ಕರೀಲಾ? ನಮ್ಮಪ್ಪ ಗೋರಿಯಿಂದ ಎದ್ದು ಬಂದು ಕಿವಿ ಹಿಂಡ್ತಾರೆ."

"ಹಾಗಾದ್ರೆ ರೆಬ್ ಫೈವೆಲ್ ಅನ್ನಿ. ಹಿರಿಯರನ್ನ ಹಾಗೇ ಕರೀತಿದ್ವಿ ನಮ್ಮೂರಲ್ಲಿ."

ಪುಸ್ತಕಗಳೆಲ್ಲ ಹಳೆಯ ಊರಿನ ಯಹೂದಿಗಳ ಮಾತಾದ ಯಿದ್ದಿಶ್‌ನಲ್ಲಿದ್ದವು. ರೊಜ್ಲಿನ್‌ಗೆ ಅದರ ಒಂದಕ್ಷರವೂ ಬರುತ್ತಿರಲಿಲ್ಲ. ಫೈವೆಲ್ ಕನ್ನಡಕ ಏರಿಸಿಕೊಂಡು, ಮೊದಲ ಪುಸ್ತಕದ ಪುಟಗಳನ್ನು ತಿರುವಿ, ಅರ್ಧ ಗಂಟೆಯಲ್ಲಿ ಹೆಸರು ಹುಡುಕಿದ. "1922, ಮಾರ್ಚ್. ಇತ್ಸಿಕ್-ಲೈಬ್ ಪೊಮೆರಾಂಟ್ಸ್, ಇಸ್ತ್ರಿ ಕೆಲಸದವನು, ಸದಸ್ಯತ್ವ ಕೇಳಿದ್ದಾನೆ. ಎಲ್ಲರೂ ಒಪ್ಪಿದರು."

ರೊಜ್ಲಿನ್ ಆ ಸಾಲಿನ ಮೇಲೆ ಬೆರಳಿಟ್ಟಳು. ಕಣ್ಣಲ್ಲಿ ನೀರು ತುಂಬಿತ್ತು.

"ಇನ್ನೂ ಇದೆಯಾ?"

"ಓದಿ ನೋಡ್ಬೇಕು. ಮೂರು ಪುಸ್ತಕ ಇದೆಯಲ್ಲ."

ಆ ವಾರವೆಲ್ಲ ಬೆಳಿಗ್ಗೆ ಕೂತು ಅವನು ಮೂರೂ ಪುಸ್ತಕ ಓದಿ ಮುಗಿಸಿದ. ಪೊಮೆರಾಂಟ್ಸ್ ಎಂಬ ಹೆಸರು ಇನ್ನೊಂದೇ ಒಂದು ಕಡೆ ಇತ್ತು: 1931, ಅವನು ಸತ್ತ ವಾರ. ಅದನ್ನು ಓದಿಬಿಟ್ಟರೆ ಕೆಲಸ ಮುಗಿಯಿತು. ಅವಳು ಥ್ಯಾಂಕ್ಸ್ ಹೇಳಿ ಕೋಟು ಹಾಕಿಕೊಂಡು ಹೋಗುತ್ತಾಳೆ.

ಎರಡನೇ ಮಂಗಳವಾರ ಅವನ ಬೆರಳು ನಿಂತದ್ದು ಸಭಾಂಗಣದ ಒಲೆ ಹೊಗೆ ಕಾರುತ್ತಿದೆ ಎಂಬ ದೂರಿನ ಮೇಲೆ. ದೂರು ಕೊಟ್ಟವರ ಹೆಸರು ಅಲ್ಲಿರಲಿಲ್ಲ.

"ಇಲ್ಲಿ ನಿಮ್ಮಜ್ಜ ಎದ್ದು ನಿಂತು ಒಲೆ ಸರಿಮಾಡ್ಸಿ ಅಂತ ಗಲಾಟೆ ಮಾಡಿದ್ದಾನೆ," ಅಂದ ಫೈವೆಲ್.

ರೊಜ್ಲಿನ್ ಜೋರಾಗಿ ನಕ್ಕಳು. "ನಮ್ಮಪ್ಪನೂ ಹಾಗೇ! ಯಾವ ಹೋಟೆಲಿಗೆ ಹೋದ್ರೂ ಕಿಟಕಿ ಹತ್ರ ಗಾಳಿ ಬರುತ್ತೆ ಅಂತ ಜಗಳ."

ಆ ಮನೆಯಲ್ಲಿ ಹೆಣ್ಣೊಬ್ಬಳು ನಕ್ಕು ಒಂಬತ್ತು ವರ್ಷವಾಗಿತ್ತು.

ಮುಂದಿನ ವಾರ ಇತ್ಸಿಕ್-ಲೈಬ್ ಹಬ್ಬದ ಊಟದಲ್ಲಿ ಹಾಡು ಹೇಳಿದ. ಅದರ ಮುಂದಿನ ವಾರ ಹೆರಿಂಗ್ ಮೀನು ಹಳಸಿದೆಯೆಂದು ಅಧ್ಯಕ್ಷನ ಮೇಲೆ ಹರಿಹಾಯ್ದ. ಇನ್ನೊಂದು ವಾರ, ರೈಲಿನಿಂದ ಇಳಿದ ಅಪರಿಚಿತನೊಬ್ಬ ನಡುಗುತ್ತಿದ್ದಾನೆಂದು ಮೈಮೇಲಿನ ಕೋಟನ್ನೇ ಬಿಚ್ಚಿ ಕೊಟ್ಟು, ತಾನು ಷರಟಿನಲ್ಲೇ ಮನೆಗೆ ನಡೆದ. ರೊಜ್ಲಿನ್ ಎಲ್ಲವನ್ನೂ ಹಸಿರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಫೈವೆಲ್ ಸೋಮವಾರವೇ ಹೋಗಿ ನಿಂಬೆಹಣ್ಣು ತರುವುದು ರೂಢಿಯಾಯಿತು. ಮಂಗಳವಾರ ಗಡ್ಡ ಹೆರೆದುಕೊಂಡು ಹನ್ನೆರಡಕ್ಕೇ ಕಿಟಕಿ ಬಳಿ ಕೂರುತ್ತಿದ್ದ.

ಮಾರ್ಚ್ ಆರಂಭದಲ್ಲಿ ಅವಳು ಕೇಕಿನ ಜೊತೆಗೆ ಒಂದು ಸುದ್ದಿಯನ್ನೂ ತಂದಳು.

"ರೆಬ್ ಫೈವೆಲ್, ವಂಶಾವಳಿ ಸಂಘದ ಪತ್ರಿಕೆಗೆ ಅಜ್ಜನ ಬಗ್ಗೆ ಬರೀತಾ ಇದೀನಿ. ಪತ್ರಾಗಾರದವರು ಪುಸ್ತಕ ಕೇಳ್ತಿದಾರೆ. ಯಿದ್ದಿಶ್ ಓದೋರು ಇಬ್ಬರು ಇದಾರಂತೆ ಅಲ್ಲಿ, ಅಜ್ಜನ ವಿಷಯ ಎಲ್ಲೆಲ್ಲಿದೆ ಅಂತ ಹುಡುಕಿ ಪುಟದ ನಂಬರು ಹಾಕಿ ಕೊಡ್ತಾರೆ."

ಫೈವೆಲ್ ಟೀ ಕಲಕುತ್ತಲೇ ಇದ್ದ. ಸಕ್ಕರೆ ಯಾವಾಗಲೋ ಕರಗಿತ್ತು.

"ಯಾಕೆ, ಕೊಡೋಕೆ ಮನಸ್ಸಿಲ್ವಾ?"

"ಪುಸ್ತಕ ಕೊಡೋಕೇನೂ ತೊಂದ್ರೆ ಇಲ್ಲ." ಚಮಚ ಕೆಳಗಿಟ್ಟ. "ರೊಜ್ಲಿನ್, ಆ ಹಾಡು ಪುಸ್ತಕದಲ್ಲಿಲ್ಲ."

"ಅಂದ್ರೆ?"

"ನಾನೇ ಹೇಳಿದ್ದು. ಒಲೆ ಗಲಾಟೆನೂ. ಮೀನಿನ ಜಗಳಾನೂ."

ಅವಳು ನೋಟ್‌ಬುಕ್ಕಿನ ಪುಟ ಹಿಂದಕ್ಕೆ ತಿರುವಿದಳು, ಮುಂದಕ್ಕೆ ತಿರುವಿದಳು.

"ಕೋಟು?"

"ಕೋಟು ಕೊಟ್ಟಿದ್ದು ನಿಜ. ಕೊಟ್ಟಿದ್ದು ಹ್ಯಾಸ್ಕೆಲ್ ಲರ್ನರ್ ಅಂತ. ತಗೊಂಡವನು ನಾನು. ನಲವತ್ತೊಂಬತ್ತರ ಜನವರಿ. ಯುದ್ಧ ಮುಗಿದ್ಮೇಲೆ ನಿರಾಶ್ರಿತರ ಶಿಬಿರದಿಂದ ಇಲ್ಲಿಗೆ ಬಂದೆ. ರೈಲ್ವೇ ಸ್ಟೇಷನ್ನಿಗೆ ಸಂಘದೋರು ಆರು ಜನ ಬಂದಿದ್ರು. ನಮ್ಮನೇಲಿ ನನ್ನೊಬ್ಬನನ್ನ ಬಿಟ್ರೆ ಯಾರೂ ಉಳಿದಿರ್ಲಿಲ್ಲ. ಅವರು ನನ್ನ ಹೆಸರು ಕೇಳಿ, 'ಚರ್ಮದ ಕೆಲಸದ ಗರ್ಬರ್ ಮಗನಾ ನೀನು?' ಅಂದ್ರು. ಹಾಡ್ತಿದ್ದವನು ಬೇರೆ, ಜಗಳಗಂಟ ಬೇರೆ. ಎಲ್ಲಾ ನಡೆದಿದ್ದೇ. ನಿಮ್ಮಜ್ಜನಿಗೆ ನಡೆದಿದ್ದಲ್ಲ, ಅಷ್ಟೇ."

"ಅಷ್ಟೇನಾ?" ರೊಜ್ಲಿನ್ ಎದ್ದು ನಿಂತಳು. "ಬೇರೆಯವರ ಅಜ್ಜಂದಿರನ್ನ ಕದ್ದು ನನ್ನ ಚೀಲಕ್ಕೆ ತುಂಬಿದ್ರಿ. ನಾನು ಮನೇಲಿ ಆ ಫೋಟೋ ಮುಂದೆ ಕೂತು ಮಾತಾಡ್ತಿದ್ದೆ, ಗೊತ್ತಾ? ಹಾಡಿದ್ಯಂತಲ್ಲಾ ತಾತಾ ಅಂತ. ಯಾಕೆ ಹೀಗ್ಮಾಡಿದ್ರಿ?"

ಅವನಿಗೆ ಉತ್ತರ ಗೊತ್ತಿತ್ತು. ಬಾಯಿಬಿಟ್ಟು ಹೇಳುವುದಕ್ಕೆ ನಾಚಿಕೆಯಾಯಿತು. "ಓದಿ ಮುಗಿಸಿದ್ರೆ ನೀವು ಬರ್ತಿರ್ಲಿಲ್ಲ," ಅಂದ ಕೊನೆಗೆ.

 ಅವಳು ಮತ್ತೆ ಕುರ್ಚಿಯ ಅಂಚಿನಲ್ಲಿ ಕೂತು, ನೋಟ್‌ಬುಕ್ಕಿನ ಹೊಸ ಪುಟ ತೆಗೆದಳು. "ನಿಜವಾಗ್ಲೂ ಇರೋದನ್ನ ಓದಿ."

ಎರಡನೇ ಪುಸ್ತಕ ತೆರೆದು ಫೈವೆಲ್ ಓದಿದ.  "1931, ನವೆಂಬರ್. ಸದಸ್ಯ ಪೊಮೆರಾಂಟ್ಸ್ ತೀರಿಕೊಂಡರು. ಕೆಲಸದ ದಿನವಾದ್ದರಿಂದ ಮಣ್ಣಿಗೆ ಬಂದವರು ಆರು ಜನ. ಪ್ರಾರ್ಥನೆಗೆ ಹತ್ತು ಜನ ಬೇಕಾಗಿ, ಪಕ್ಕದ ಶವಸಂಸ್ಕಾರಕ್ಕೆ ಬಂದಿದ್ದವರಲ್ಲಿ ನಾಲ್ವರನ್ನು ಕರೆದುಕೊಳ್ಳಲಾಯಿತು. ವಿಧವೆಗೆ ಕಲ್ಲಿದ್ದಲು ಕಳಿಸಲು ತೀರ್ಮಾನಿಸಲಾಯಿತು."

ರೊಜ್ಲಿನ್ ಒಂದೊಂದೇ ಮಾತನ್ನು ಬರೆದುಕೊಂಡಳು. ಕೋಟು ಹಾಕಿಕೊಂಡು ಹೊರಟಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಬಡಿದು ಹೋಗಿದ್ದರೆ ವಾಸಿಯಿತ್ತು ಅನ್ನಿಸಿತು ಫೈವೆಲ್‌ಗೆ.

ಮುಂದಿನ ಮಂಗಳವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಪಾಸೋವರ್ ಹಬ್ಬ ಬಂತು. ಕೆಳಮಹಡಿಯವರು ಕರೆದಿದ್ದರು. ನೆಗಡಿ ಎಂದು ಹೇಳಿ, ಅಡುಗೆಮನೆಯಲ್ಲಿ ನಿಂತುಕೊಂಡೇ ಒಣ ಮಾತ್ಸಾ ರೊಟ್ಟಿ ತಿಂದ. ಫೋನಿನ ಬಳಿ ಅವಳ ನಂಬರಿತ್ತು. ಎರಡು ಸಲ ಒತ್ತಿ, ಗಂಟೆ ಹೊಡೆಯುವ ಮೊದಲೇ ಇಟ್ಟುಬಿಟ್ಟ.

ಹಬ್ಬ ಮುಗಿದ ಮೇಲೆ ಮೂರು ದಿನ ಕೂತು ಅವನೊಂದು ಪಟ್ಟಿ ಬರೆದ. ಹಾಡಿದವನು ಬೆರಿಶ್ ಟೈಟೆಲ್, ಬೇಕರಿಯವನು. ಮಗಳು ಮದುವೆಯಾಗಿ ಒಟ್ಟಾವಾಗೆ ಹೋದಳು. ಮೀನಿನ ಜಗಳ ತೆಗೆದವನು ಶ್ಮುಯೆಲ್ ಕಟ್ಸೆನ್, ಮಕ್ಕಳಿಲ್ಲ. ಕೋಟು ಕೊಟ್ಟವನು ಹ್ಯಾಸ್ಕೆಲ್ ಲರ್ನರ್; ಮೊಮ್ಮಗಳು ಹ್ಯಾಮಿಲ್ಟನ್‌ನಲ್ಲಿ ಇರಬೇಕು. ಒಲೆಯ ದೂರು ಯಾರದೋ, ಗೊತ್ತಿಲ್ಲ. ಕೊನೆಯಲ್ಲಿ ಕ್ಷಮಿಸಿ ಎಂದು ಬರೆಯಲು ಹೋಗಿ, ಅದು ಅವಳ ಮೇಲೆ ಹೊರಿಸುವ ಭಾರವಾಗುತ್ತದೆ ಅನ್ನಿಸಿ, ಬರೀ ಸಹಿ ಹಾಕಿ ಅಂಚೆಗೆ ಹಾಕಿದ. ಅದೇ ವಾರ ಪತ್ರಾಗಾರಕ್ಕೆ ತಾನೇ ಫೋನು ಮಾಡಿದ. ಅಲ್ಲಿಂದ ಬಂದ ಹೆಂಗಸು ಬಿಳಿ ಕೈಗವಸು ತೊಟ್ಟು ಪುಸ್ತಕಗಳನ್ನು ಪೆಟ್ಟಿಗೆಗಿಟ್ಟು, ರಸೀದಿ ಕೊಟ್ಟು, ಎರಡು ಸಲ ಥ್ಯಾಂಕ್ಸ್ ಹೇಳಿದಳು. ಕಪಾಟಿನ ತಳದಲ್ಲಿ ಧೂಳಿಲ್ಲದ ಮೂರು ಚೌಕಗಳು ಉಳಿದವು.

ಜೂನ್‌ನಲ್ಲಿ ಫೋನು ಬಂತು.

"ರೊಜ್ಲಿನ್ ಮಾತಾಡ್ತಿರೋದು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ಗೊತ್ತು."

"ಲರ್ನರ್ ಮೊಮ್ಮಗಳು ಸಿಕ್ಕಿದ್ಲು. ಹ್ಯಾಮಿಲ್ಟನ್‌ನ ವಂಶಾವಳಿ ಸಂಘದವರ ಮೂಲಕ. ಕೋಟಿನ ವಿಷಯ ಹೇಳಿದೆ. ಅವಳ ತಾತ ಮನೇಲಿ ಯಾವತ್ತೂ ಅದನ್ನ ಹೇಳಿರ್ಲಿಲ್ವಂತೆ.  ಅವಳು ನಿಮ್ಮ ಹತ್ರ ಮಾತಾಡ್ಬೇಕಂತೆ. ನಂಬರು ಕೊಟ್ಟಿದೀನಿ."

"ಒಳ್ಳೇದು ಮಾಡಿದ್ರಿ."

"ಒಂದು ಕೇಳ್ತೀನಿ, ನಿಜ ಹೇಳ್ಬೇಕು. ನಮ್ಮಜ್ಜನ ಬಗ್ಗೆ ಬೇರೆ ಯಾರಾದ್ರೂ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ? ಒಂದು ಮಾತಾದ್ರೂ?"

ಫೈವೆಲ್ ಕಣ್ಣು ಮುಚ್ಚಿ ನೆನೆಸಿಕೊಂಡ. ಸತ್ತವರ ಮುಖಗಳು, ಮೇಜುಗಳು, ಇಸ್ಪೀಟಿನ ಆಟಗಳು ಒಂದೊಂದಾಗಿ ಕಣ್ಮುಂದೆ ಬಂದವು. ಏನಾದರೊಂದನ್ನು ಹೇಳುವುದು ಎಷ್ಟು ಸುಲಭವಿತ್ತು.

"ಇಲ್ಲ ತಾಯಿ. ಯಾರೂ ಏನೂ ಹೇಳ್ಲಿಲ್ಲ. ನಾನು ಬರೋ ಹೊತ್ತಿಗೆ ಅವನನ್ನ ಎಲ್ಲರೂ ಮರೆತಿದ್ರು."

ಆ ಕಡೆ ಉಸಿರು ಕೇಳುತ್ತಿತ್ತು. ಹಿಂದೆಲ್ಲೋ ಒಂದು ಮಗು ಪಿಯಾನೋದ ಒಂದೇ ತಪ್ಪು ಸ್ವರವನ್ನು ಮತ್ತೆ ಮತ್ತೆ ಒತ್ತುತ್ತಿತ್ತು.

"ಸರಿ," ಅಂದಳು ರೊಜ್ಲಿನ್. "ಪಾಠಕ್ಕೆ ಬಂದಿದಾರೆ. ಇಡ್ತೀನಿ."

ಆದರೆ ತಕ್ಷಣ ಇಡಲಿಲ್ಲ. ಅವನೂ ಇಡಲಿಲ್ಲ. ಆ ಮಗು ಸರಿಯಾದ ಸ್ವರ ಹುಡುಕಿಕೊಳ್ಳುವವರೆಗೂ ಇಬ್ಬರೂ ಹಾಗೇ ಕೇಳುತ್ತಾ ನಿಂತಿದ್ದರು.