ಉಪ್ಪು ಹಾಕಿದ ಬೆಣ್ಣೆ

ತುಪ್ಪದ ಜಾಡಿಯ ಮೇಲೆ ಸುನಂದಾ ಸೆರಗೆಳೆದುಕೊಂಡರು. ಪುರೋಹಿತರು ಎರಡನೆಯ ಸಲ ತುಪ್ಪ ಕೇಳಿ, ಕಟ್ಟಡದ ತಳದ ತೆರೆದ ಜಾಗವಾದ ವಾಯ್ಡ್ ಡೆಕ್ಕಿಗೆ ಇಳಿದುಹೋದರು. ಪತಿ ವೆಂಕಟೇಶಮೂರ್ತಿಗಳ ದೇಹ ಅಲ್ಲಿತ್ತು. ಪೆಟ್ಟಿಗೆ ಮುಚ್ಚುವ ಮೊದಲು ತುಪ್ಪ ಸುರಿಯಬೇಕು; ಮಂಡಾಯಿಯ ಚಿತಾಗಾರಕ್ಕೆ ಹೊರಡಲು ಇನ್ನೊಂದೇ ಗಂಟೆ.

ಜಾಡಿಯಲ್ಲಿದ್ದುದು ಮೂರ್ತಿಗಳು ಕಾಯಿಸಿದ ಕೊನೆಯ ತುಪ್ಪ. ಮೇಲಿನ ಚೀಟಿಯಲ್ಲಿ ಅವರದೇ ದುಂಡಕ್ಷರ: “ನ್ಯೂಜಿಲೆಂಡ್. ಉಪ್ಪಿಲ್ಲ.” ಅದನ್ನು ಬೆಂಕಿಗೆ ಕೊಡಲು ಸುನಂದಾಗೆ ಮನಸ್ಸು ಬರಲಿಲ್ಲ.

“ನೀವೇ ಇಟ್ಕೊಳ್ಳಿ ಅಜ್ಜಿ. ನಾನು ಫ್ರೆಶ್ ಆಗಿ ಮಾಡ್ಕೊಂಡ್ ಬರ್ತೀನಿ,” ಎಂದು ಮೊಮ್ಮಗಳು ಸಂಹಿತಾ ಅಂಗಡಿಗೆ ಓಡಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಫ್ಲ್ಯಾಟಿನ ಜ್ಯೋತ್ಸ್ನಾ ತಮ್ಮ ಅಡುಗೆಮನೆ ಬಿಟ್ಟುಕೊಟ್ಟಿದ್ದರು.

ಬೆಣ್ಣೆ ಕರಗುವ ಪರಿಮಳ ಕಾರಿಡಾರಿನಲ್ಲಿ ತೇಲಿ ಬಂತು. ಟೋವಾ ಪಾಯೋ ಬಡಾವಣೆಯ ಬಿಸಿಲು ಗೋಡೆಯ ಮೇಲೆ ಮೆಲ್ಲಗೆ ಹರಿಯತೊಡಗಿತು. ಸುನಂದಾ ಕಣ್ಣು ಮುಚ್ಚಿದರು.

*

ಮದುವೆಯಾಗಿ ಹಾಸನದಿಂದ ಈ ಪರದೇಶಕ್ಕೆ ಬಂದ ಮೊದಲ ವಾರ. ಮೂರ್ತಿಗಳು ಆಗ ಹಳೆಯ ಬ್ರಿಟಿಷ್ ಸಾಮ್ರಾಜ್ಯದ ವ್ಯಾಪಾರದ ಬಗ್ಗೆ ಪ್ರಬಂಧ ಬರೆಯುತ್ತಿದ್ದರು. ಲಂಡನ್ನಿನ ಬಂದರಿನಲ್ಲಿ ನ್ಯೂಜಿಲೆಂಡಿನ ಬೆಣ್ಣೆಗೆ ಸುಂಕವಿಲ್ಲ, ಅದು ಮನೆಯದು. ಸಮೀಪದ ಡೆನ್ಮಾರ್ಕಿನದಕ್ಕೆ ಸುಂಕ, ಅದು ಹೊರಗಿನದು. ಅದೇ ಗುಂಗಿನಲ್ಲಿ ಅಂಗಡಿಗೆ ಹೋದವರು ಪೊಟ್ಟಣದ ಮೇಲೆ ದೇಶದ ಹೆಸರನ್ನಷ್ಟೇ ಓದಿ, ಕೆಳಗಿನ ಸಾಲನ್ನು ಓದದೆ ಬೆಣ್ಣೆ ಕೊಂಡು ತಂದು, ತಾವೇ ತುಪ್ಪ ಕಾಯಿಸಿ ಬಡಿಸಿದರು.

ಹೇಗಿದೆ ಎಂದು ಕೇಳಿದಾಗ ಸುನಂದಾ, ಊರಿನ ಹಾಗೇ ಇದೆ ಎಂದರು. ಊರಿನ ನೆನಪಿಗೆ ಕಣ್ಣೀರು ತಟ್ಟೆಗೆ ಬೀಳುತ್ತಿತ್ತು. ಮೂರ್ತಿಗಳು ಆ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟು, ಎದ್ದುಹೋಗಿ ಪೊಟ್ಟಣವನ್ನು ಮತ್ತೆ ಓದಿದರು.

“ಅಷ್ಟು ದೂರದಿಂದ ಬರಬೇಕಲ್ಲ, ಕೆಡಬಾರದು ಅಂತ ಉಪ್ಪು ಹಾಕಿದಾರೆ,” ಎಂದರು ಆಮೇಲೆ. “ಸುಂಕ ಮಾಫಿ ಮಾಡಿದ್ರು ಸುನಂದಾ, ದೂರಾನ ಮಾಫಿ ಮಾಡೋಕೆ ಯಾರಿಗೂ ಆಗ್ಲಿಲ್ಲ.”

ಅಳುತ್ತಿದ್ದ ಸುನಂದಾ ಆ ದೇಶದಲ್ಲಿ ಮೊದಲ ಸಲ ನಕ್ಕರು. ಅಂದಿನಿಂದ ನಲವತ್ತಾರು ವರ್ಷ ಮನೆಯ ತುಪ್ಪ ಮೂರ್ತಿಗಳದೇ ಕೆಲಸ. ಪೊಟ್ಟಣವನ್ನು ಎರಡೆರಡು ಸಲ ಓದುತ್ತಿದ್ದರು.

*

“ಅಜ್ಜಿ, ಮಿಸ್ಟೇಕ್ ಆಗೋಯ್ತು.” ಸಂಹಿತಾ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊಂಬಣ್ಣದ ತುಪ್ಪದ ತಳದಲ್ಲಿ ಬಿಳಿಯ ಹರಳುಗಳು. “ಇದು ಸಾಲ್ಟೆಡ್. ತಾತ ತರೋ ನ್ಯೂಜಿಲೆಂಡ್‌ದೇ ಬೇಕು ಅಂತ ಕಂಟ್ರಿ ಮಾತ್ರ ಚೆಕ್ ಮಾಡ್ದೆ. ಪೂಜೆಗೆ ಆಗಲ್ಲ ಅಲ್ವಾ?”

ವ್ಯಾನ್ ಬಂದಿದೆ ಎಂದು ಮಗ ವಾಸು ಕೆಳಗಿನಿಂದ ಫೋನ್ ಮಾಡಿದ.

ಸುನಂದಾ ಪಾತ್ರೆಯ ಅಂಚಿಗೆ ಬೆರಳೊತ್ತಿ ನಾಲಿಗೆಗೆ ಮುಟ್ಟಿಸಿಕೊಂಡರು. ತುಟಿ ನಡುಗಿತು, ನಗುವೋ ಅಳುವೋ ಸಂಹಿತಾಗೆ ತಿಳಿಯಲಿಲ್ಲ.

“ಇದನ್ನ ಚೆಲ್ಲಬೇಡ ಪುಟ್ಟಿ,” ಎಂದು ಸೆರಗಿನಡಿಯ ಜಾಡಿಯನ್ನು ಹೊರತೆಗೆದರು. “ನಡಿ, ಅವರದ್ದನ್ನ ಅವರಿಗೇ ಕೊಟ್ಟು ಬರೋಣ.”

ಸಂಜೆ ಮಂಡಾಯಿಯಿಂದ ಮರಳಿ, ಸ್ನಾನ ಮುಗಿಸಿ, ಖಾಲಿ ಜಾಡಿಯನ್ನು ಸುನಂದಾ ಕಿಟಕಿಯ ಬೆಳಕಿಗಿಟ್ಟು ಪಾತ್ರೆಯ ತುಪ್ಪವನ್ನು ಅದಕ್ಕೆ ಬಗ್ಗಿಸಿದರು. “ಉಪ್ಪಿಲ್ಲ” ಎಂಬ ಅಕ್ಷರಗಳ ಹಿಂದೆ ಬಿಳಿಯ ಹರಳುಗಳು, ಯಾವ ಅವಸರವೂ ಇಲ್ಲದೆ, ಒಂದೊಂದಾಗಿ ತಳಕ್ಕಿಳಿದವು.