ಟಾಕಿ ಮೇಲಿನ ಇಂಟರ್‌ನೆಟ್ಟು

ಬೇಡ ಅನ್ನಬೇಕಾದ ಕಡೆಯಲ್ಲೆಲ್ಲ ತನ್ನ ಬಾಯಿಂದ 'ಹ್ಞೂಂ' ಎಂದೇ ಬರುತ್ತದಲ್ಲ, ಇದೂ ಒಂದು ರೋಗವೇ ಇರಬಹುದೇ ಎಂದು ಲಲಿತಾ ಆ ಸಂಜೆ ಡೈರಿಯಲ್ಲಿ ಬರೆದುಕೊಂಡಳು. ಅಂಗಡಿಯವನು ಒಲ್ಲದ ಬಣ್ಣದ ಖಣವನ್ನು ಕಟ್ಟಿ ಕೈಗಿಟ್ಟರೆ ಹ್ಞೂಂ. ಬಸ್ಸಿನಲ್ಲಿ ತಾನು ಹಿಡಿದ ಸೀಟಿನಲ್ಲಿ ಇನ್ನೊಬ್ಬರು ಚೀಲ ಇಟ್ಟು 'ನಂದರೀ' ಅಂದರೆ ಹ್ಞೂಂ. ಅದೆಲ್ಲ ಹೋಗಲಿ, ಯಾರಿಗೂ ನಷ್ಟವಿಲ್ಲ. ಆದರೆ ಇವತ್ತು ಅಂದ ಹ್ಞೂಂ ಬೇರೆ. ಅದು ಅಂಗಿಯೊಳಗೆ ಹೊಕ್ಕ ಜೋಳದ ಸುಂಕಿನ ಹಾಗೆ ಚುಚ್ಚುತ್ತ, ಕೂತಲ್ಲಿ ಕೂರಗೊಡುತ್ತಿರಲಿಲ್ಲ.

ಲಲಿತಾ ಹಾಲಮಟ್ಟಿಯ ಪಂಚಾಯತಿ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹುಡುಗಿ. ಬಿ.ಎ. ಮುಗಿಸಿದ ಮೇಲೆ ಸಿಕ್ಕ ಕೆಲಸ, ಕಾಯಂ ಅಲ್ಲ. ಹಾಲಮಟ್ಟಿ ಎಂದರೆ ಇಳಕಲ್ಲಿಗೂ ಗುಡೂರಿಗೂ ನಡುವೆ, ಮನೆಗೊಂದು ಮಗ್ಗ ಇರುವ ಊರು. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಬೀರಪ್ಪನ ಗುಡಿಯ ಕಟ್ಟೆಯ ಮೇಲೆ, ಬಿಟ್ಟರೆ ಪಂಚಾಯತಿ ಮಾಳಿಗೆಯ ನೀರಿನ ಟಾಕಿಯ ಮೇಲೆ. ರೇಷನ್ ಅಂಗಡಿಯವನು ಹೆಬ್ಬೆಟ್ಟಿನ ಯಂತ್ರವನ್ನು ಗುಡಿಯ ಕಟ್ಟೆಗೆ ಒಯ್ದು ಕೂರುತ್ತಾನೆ. ಮುದುಕಿಯರು ಅಲ್ಲಿಗೆ ಹತ್ತಿ ಹೆಬ್ಬೆಟ್ಟು ಒತ್ತಿ, ಮತ್ತೆ ಕೆಳಗಿಳಿದು ಬಂದು ಅಕ್ಕಿ ಒಯ್ಯುತ್ತಾರೆ. "ಬೀರಪ್ಪಗ ಕೈ ಮುಗದಂಗೂ ಆತು ಬಿಡ" ಎಂದು ತಾವೇ ನಗುತ್ತಾರೆ.

ಇಂಥ ಊರಿಗೆ ಹೋದ ವರ್ಷದ ಹಿಂದಿನ ವರ್ಷ ಸರ್ಕಾರದ ಫೈಬರ್ ಕೇಬಲ್ ನೆಲದೊಳಗಿಂದ ಬಂದಿತ್ತು. ಪಂಚಾಯತಿಯ ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಹೊಡೆದರು, ಅದಕ್ಕೆ ಮಾಲೆ ಹಾಕಿದರು, ಫೋಟೋ ತೆಗೆಸಿಕೊಂಡರು. ಹಸಿರು ದೀಪ ಮಿಣುಕಿತು. ಮುಂದಿನ ವಾರ ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಹಳ್ಳದ ಸೇತುವೆಯ ಹತ್ತಿರ ಆ ಕೇಬಲ್ಲನ್ನು ಗೆಣಸಿನ ಬಳ್ಳಿಯ ಹಾಗೆ ಕಿತ್ತು ಒಗೆಯಿತು. ಜೋಡಿಸಬೇಕಾದವರು ಯಾರು? ಗುತ್ತಿಗೆದಾರ ಇಲಾಖೆಯನ್ನು ತೋರಿಸಿದ, ಇಲಾಖೆಯವರು ರಸ್ತೆಯವರನ್ನು ತೋರಿಸಿದರು, ರಸ್ತೆಯವರು ಜೆಸಿಬಿಯವನು ತನ್ನ ಊರಿಗೆ ಹೋಗಿದ್ದಾನೆ ಎಂದರು. ಪೆಟ್ಟಿಗೆಯ ದೀಪ ಆರಿತು. ಮಾಲೆ ಮಾತ್ರ ಒಣಗಿಕೊಂಡು ಅಲ್ಲೇ ಉಳಿಯಿತು, ತೀರಿಹೋದವರ ಫೋಟೋಕ್ಕೆ ಹಾಕಿದ ಹಾಗೆ.

ಖರೆ ಹೇಳಬೇಕೆಂದರೆ ಊರಿಗೆ ಇಂಟರ್‌ನೆಟ್ ತಂದವಳು ಕೇಬಲ್ ಟಿವಿಯ ಲಾಡಬಿ. ಗಂಡ ಗೌಸಸಾಬ ತೀರಿಕೊಂಡ ಮೇಲೆ ಆ ದಂಧೆ ಅವಳ ತಲೆಗೆ ಬಿತ್ತು. ಟಿವಿ ನೋಡುವವರೇ ಕಡಿಮೆಯಾದರು ಅಂದಾಗ ಅವಳು ಅಳುತ್ತ ಕೂರಲಿಲ್ಲ. ಇಳಕಲ್ಲಿನಿಂದ ಲೈಟಿನ ಕಂಬಗಳ ಮೇಲೆ ಹೊಸ ತಂತಿ ಎಳೆಸಿದಳು. ಒಂದೇ ತಂತಿಯಲ್ಲಿ ಟಿವಿ, ಫೋನು, ಇಂಟರ್‌ನೆಟ್ಟು. ಪಂಚಾಯತಿಯ ಕಂಪ್ಯೂಟರು ನಡೆಯುತ್ತಿದ್ದುದೂ ಅದರಿಂದಲೇ. ಲಲಿತಾಳ ಅವ್ವ ಸೋಮವ್ವ ಮಗ್ಗದ ಮುಂದೆಯೇ ಫೋನು ಆನಿಸಿಟ್ಟು, ಸೀರೆಯ ಸೆರಗು ಬಿಡಿಸಿ ಪುಣೆಯ ಗಿರಾಕಿಗಳಿಗೆ ತೋರಿಸಿ, ದರವನ್ನು ತಾನೇ ಹೇಳುವುದನ್ನು ಕಲಿತಿದ್ದಳು. ಅಲ್ಲಿಯ ತನಕ ದರ ಹೇಳುವವನು ಸಾವುಕಾರ, ಹ್ಞೂಂ ಅನ್ನುವವಳು ಸೋಮವ್ವ. ಹ್ಞೂಂ ಅನ್ನುವುದು ಮನೆತನದಿಂದಲೇ ಬಂದದ್ದೋ ಏನೋ.

ಲಾಡಬಿ ಪಂಚಾಯತಿಗೆ ಅರ್ಜಿಯ ಮೇಲೆ ಅರ್ಜಿ ಕೊಟ್ಟಿದ್ದಳು. ಸರ್ಕಾರದ ದೊಡ್ಡ ಲೈನು ಆಫೀಸಿನ ತನಕ ಬಂದಿದೆ, ನನ್ನ ಸಣ್ಣ ಲೈನು ಮನೆಮನೆಗೆ ಹೋಗಿದೆ, ಹಳ್ಳದಲ್ಲಿ ಕಡಿದದ್ದನ್ನು ಜೋಡಿಸಿ ಎರಡನ್ನೂ ಕೂಡಿಸಿರಿ, ಊರಿಗೆ ಊರೇ ಸುಖ ಪಡುತ್ತದೆ ಎಂದು. ಅದಕ್ಕೆ ನಿಯಮ ಇಲ್ಲ ಎಂಬ ಉತ್ತರ ಬಂತು. ಇದನ್ನು ಕೇಳಿ ಸೋಮವ್ವ ಲಾಳಿ ನಿಲ್ಲಿಸಿ ನಕ್ಕಿದ್ದಳು. "ಸೀರಿ ಒಡಲು ಬ್ಯಾರೆ, ಸೆರಗು ಬ್ಯಾರೆ. ನಡುವ ಕೊಂಡಿ ಹಾಕಲಿಲ್ಲಂದ್ರ ಅದು ಸೀರಿ ಅಲ್ಲ, ಎರಡು ತುಂಡು ಅರಬಿ. ಇಷ್ಟು ನಿಮ್ಮ ಸಾಹೇಬಗ ತಿಳಿಯಾಂಗಿಲ್ಲೇನು?"

ನಾಳೆ ಬಾಗಲಕೋಟೆಯಿಂದ ದೊಡ್ಡ ಅಧಿಕಾರಿ ಬರುವವರಿದ್ದರು. ಹಾಲಮಟ್ಟಿಗೆ ಪೂರ್ತಿ ಸಂಪರ್ಕ ಸಿಕ್ಕಿದೆ ಎಂದು ಅವರು ಸಹಿ ಮಾಡಿದರೆ ಮುಗಿಯಿತು. ಆಮೇಲೆ ಆ ಹಳ್ಳದ ಕೇಬಲ್ಲನ್ನು ಕೇಳುವವರೂ ಇಲ್ಲ, ಜೋಡಿಸುವವರೂ ಇಲ್ಲ. ಅಧಿಕಾರಿಯ ಕಣ್ಣಿಗೆ ಊರು ಚೊಕ್ಕ ಕಾಣಲಿ ಎಂದು ಪಿಡಿಒ ಪ್ರಭುಲಿಂಗ ಕಂಬಗಳ ಮೇಲೆ ಜೋತುಬಿದ್ದ ತಂತಿಗಳನ್ನೆಲ್ಲ ಕತ್ತರಿಸಲು ಹೇಳಿದರು. ಕತ್ತರಿಸಿಯೂ ಆಯಿತು. ಒಳಗೆ ಬಂದು ನೋಡಿದರೆ ಆಫೀಸಿನ ಕಂಪ್ಯೂಟರಿನ ಪರದೆಯಲ್ಲಿ ಚಕ್ರ ತಿರುಗುತ್ತಿತ್ತು, ತಿರುಗುತ್ತಲೇ ಇತ್ತು. ತಾವು ಕೂತ ಕೊಂಬೆಯನ್ನು ತಾವೇ ಕಡಿಸಿದ್ದು ಅವರಿಗೆ ತಿಳಿಯಲು ಒಂದು ಕಪ್ ಚಹಾ ಆರುವಷ್ಟು ಹೊತ್ತು ಹಿಡಿಯಿತು.

ಆಗಲೇ ಲಾಡಬಿ ಬಾಗಿಲಿಗೆ ಬಂದು ನಿಂತಳು. ಹೆಗಲ ಮೇಲೆ ಕತ್ತರಿಸಿದ ತಂತಿಯ ಸುರುಳಿ.

"ಸಾಹೇಬ್ರ, ಇದನ್ನ ಎಲ್ಲಿ ಇಡ್ಲಿ? ಆ ಪೆಟ್ಟಿಗಿಗೆ ಹೊಸಾ ಮಾಲಿ ಬೇಕಾಗಿರಬೇಕಲ್ಲ?"

"ಲಾಡಬಿ, ನಿಂದು ಪರವಾನಗಿ ಇಲ್ಲದ್ದು."

"ಪರವಾನಗಿ ಕೊಡಾವ್ರು ಯಾರ್ರಿ? ನೀವ. ಕೊಡಲಾರದಾವ್ರು ಯಾರ್ರಿ? ನೀವ. ಇಷ್ಟು ದಿವಸ ಅದ ತಂತಿಯಿಂದ ನಿಮ್ಮ ಕಂಪ್ಯೂಟರ್ ಓಡ್ತಲ್ಲ, ಆವಾಗ ಅದಕ್ಕ ಪರವಾನಗಿ ಇತ್ತೇನ್ರಿ?"

"ನಾಳೆ ಒಂದಿನ ಸುಮ್ಮನಿರು. ಆಮ್ಯಾಲ ನೋಡೂಣು."

"ಸಹಿ ಆದ್ಮ್ಯಾಲ ಏನ್ ನೋಡ್ತೀರಿ? ಊರಿಗೆಲ್ಲ ಬಂದೈತಿ ಅಂತ ಬರಕೊಂಡು ಹೋಗ್ತಾರ. ಬಂದದ್ದನ್ನ ಮತ್ತ ಯಾರ್ ಕೊಡ್ತಾರ್ರಿ?"

ಲಾಡಬಿ ಲಲಿತಾಳ ಕಡೆ ತಿರುಗಿದಳು. "ನೀ ಕಲ್ತಾಕಿ, ಇಲ್ಲೇ ಕುಂತು ಎಲ್ಲಾ ನೋಡಾಕಿ. ನೀನರ ಒಂದು ಮಾತು ಹೇಳ ನನ್ನವ್ವಾ."

ಲಲಿತಾ ಕೀಬೋರ್ಡಿನ ಮೇಲಿನ ಧೂಳು ಒರೆಸಿದಳು. ಲಾಡಬಿ "ಇರಲಿ" ಎಂದು ಹೊರಟುಹೋದಳು. ಆ 'ಇರಲಿ' ಬೈಗುಳಕ್ಕಿಂತ ಜೋರಾಗಿ ತಾಗಿತು.

ಅವಳು ಹೋದ ಮೇಲೆ ಪ್ರಭುಲಿಂಗ ದನಿ ತಗ್ಗಿಸಿ ಹೇಳಿದರು: "ಲಲಿತಾ, ನಿನ್ನ ಫೋನ್ ಚಲೋ ಐತಿ. ನಾಳೆ ಅದನ್ನ ಹಾಟ್‌ಸ್ಪಾಟ್ ಮಾಡಿ ಮಾಳಪ್ಪನ ಕೈಯಾಗ ಕೊಟ್ಟು ಟಾಕಿ ಮ್ಯಾಲ ಕುಂದ್ರಸೂಣು. ಕೆಳಗ ಟಿವಿಗೆ ಜೋಡಸೂಣು. ಯಾರಿಗೂ ತಿಳಿಯಾಂಗಿಲ್ಲ. ನಿಂದು ಮುಂದಿನ ವರ್ಷದ ಆರ್ಡರಿಗೂ ನಾನ ಬರೀಬೇಕಲ್ಲ. ಆತಿಲ್ಲೋ?"

"ಹ್ಞೂಂ" ಅಂದಿದ್ದಳು ಲಲಿತಾ.

ಮರುದಿನ ಬೆಳಿಗ್ಗೆ ಊರಿಗೆ ನೀರು ಬಿಡುವ ಮಾಳಪ್ಪ ಅವಳ ಫೋನನ್ನು ಎದೆಗೆ ಅವುಚಿಕೊಂಡು ಟಾಕಿಯ ಏಣಿ ಹತ್ತಿದ. "ಕೋಳಿ ಕಾವಿಗೆ ಕುಂತಂಗ ಕುಂದ್ರತೇನಿ ತಂಗಿ, ಚಿಂತಿ ಮಾಡಬ್ಯಾಡ. ಮರಿ ಹೊರಗ ಬಂದ್ರ ಕರೀತೇನಿ" ಎಂದು ನಕ್ಕ. ಒಣಗಿದ ಮಾಲೆ ತೆಗೆದು ಪೆಟ್ಟಿಗೆಗೆ ಚೆಂಡುಹೂವಿನ ಹೊಸ ಮಾಲೆ ಹಾಕಿದರು. ಪೆಟ್ಟಿಗೆಯ ಹಿಂದೆ ಯಾರೋ ಹಸಿರು ಬಣ್ಣದ ಸೀರಿಯಲ್ ಲೈಟಿನ ಒಂದು ಬಲ್ಬನ್ನೂ ಸಿಕ್ಕಿಸಿದ್ದರು. ಅದನ್ನು ಕಂಡಾಗ ಲಲಿತಾಳ ಕಿವಿ ಬಿಸಿಯಾದವು. ಸುಳ್ಳಿಗೂ ಇಷ್ಟು ಶ್ರದ್ಧೆ. ಇದರ ಅರ್ಧದಷ್ಟು ಶ್ರದ್ಧೆ ಹಳ್ಳದ ಕೇಬಲ್ಲಿಗೆ ಇದ್ದಿದ್ದರೆ ಮುದುಕಿಯರು ಅಕ್ಕಿಗಾಗಿ ಗುಡಿಯ ಕಟ್ಟೆ ಹತ್ತುತ್ತಿರಲಿಲ್ಲ.

ಅಧಿಕಾರಿ ಬಂದರು. ಶಾಲು, ಹಣ್ಣಿನ ಬುಟ್ಟಿ, ಚಪ್ಪಾಳೆ ಆದವು. ಸೋಮವ್ವನನ್ನು ಟಿವಿಯ ಮುಂದೆ ನಿಲ್ಲಿಸಿದರು. ಪರದೆಯ ಮೇಲೆ ಪುಣೆಯ ವ್ಯಾಪಾರಿಯೊಬ್ಬ ಕಾಣಿಸಿಕೊಂಡ. ಖರೆ ನೋಡಿದರೆ ಅವನು ಪ್ರಭುಲಿಂಗರ ಷಡ್ಡಕ, ಕೂತಿದ್ದು ಇಳಕಲ್ಲಿನಲ್ಲಿ. ಸೋಮವ್ವ ಸೆರಗು ಬಿಡಿಸಿ ಹಿಡಿದಳು. ವ್ಯಾಪಾರಿ "ಭಾಳ ಛಂದ" ಎಂದು ಬಾಯಿ ತೆರೆದವನು ಹಾಗೆಯೇ ಕಲ್ಲಾದ. ಪರದೆ ಅಲುಗಲಿಲ್ಲ.

"ಸರ್ವರ್ ಬ್ಯುಸಿ ಐತಿ ಸರ್, ದಿಲ್ಲಿಯಿಂದ" ಎಂದರು ಪ್ರಭುಲಿಂಗ.

ಲಲಿತಾ ಕಿಟಕಿಯಿಂದ ಮೇಲೆ ನೋಡಿದಳು. ಬಿಸಿಲಿಗೆ ತಾಳದೆ ಮಾಳಪ್ಪ ಟಾಕಿಯ ಹಿಂದಿನ ನೆರಳಿಗೆ ಸರಿದಿದ್ದ. ಯಾರೋ ಹೊರಗೆ ಹೋಗಿ ಕೈ ಬೀಸಿದರು. ಅವನು ಮತ್ತೆ ಬಿಸಿಲಿಗೆ ಬಂದ. ವ್ಯಾಪಾರಿ ಬಾಯಿ ಮುಚ್ಚಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಬಹಳ ಸಂತೋಷ" ಎಂದರು ಅಧಿಕಾರಿ. "ಇಂಥ ಮೂಲೆಯ ಊರಿನಲ್ಲೂ ಎಷ್ಟು ಚೆನ್ನಾಗಿ ಬರುತ್ತಿದೆ ನೋಡಿ."

ಸೋಮವ್ವ ಸೀರೆ ಮಡಚುತ್ತ, ಯಾರೂ ಹೇಳಿಕೊಡದ ಮಾತೊಂದನ್ನು ಕೇಳಿಬಿಟ್ಟಳು. "ಸಾಹೇಬ್ರ, ಇದು ನಮ್ಮ ಮನಿಗೆ ಮತ್ತ ಯಾವಾಗ ಬರತೈತ್ರಿ? ನಿನ್ನಿಯಿಂದ ಇಲ್ಲ. ಖರೆ ಗಿರಾಕಿ ಕಾಯಾಕತ್ತಾರ್ರಿ."

"ಹಳೇ ಮಂದಿ ಸರ್, ತಿಳಿಯಾಂಗಿಲ್ಲ" ಎಂದು ಪ್ರಭುಲಿಂಗ ನಕ್ಕರು. ಸುತ್ತಲಿದ್ದವರೂ ನಕ್ಕರು. ಸೋಮವ್ವ ಮಡಚಿದ ಸೀರೆಯನ್ನು ಎದೆಗೆ ಹಿಡಿದುಕೊಂಡು, ತಾನೇನೋ ತಪ್ಪು ಮಾಡಿದವಳ ಹಾಗೆ ಹಿಂದೆ ಸರಿದಳು.

ಸಾವುಕಾರ ಹೇಳಿದ ದರಕ್ಕೆಲ್ಲ ಹ್ಞೂಂ ಅಂದು ಬದುಕಿದ ಹೆಂಗಸು. ಮೊನ್ನೆಯಿಂದೀಚೆಗೆ ದರ ಹೇಳಲು ಕಲಿತವಳು. ಅವಳನ್ನು ಮತ್ತೆ ಹಿಂದಕ್ಕೆ ತಳ್ಳಿ ನಗುತ್ತಿದ್ದಾರೆ. ಬಾಗಿಲಲ್ಲಿ ಲಾಡಬಿ ನಿಂತಿದ್ದಳು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಬರೆಯುವ ಮೊದಲು ತಲೆ ಎತ್ತಿ, ಕಂಪ್ಯೂಟರಿನ ಮುಂದೆ ಕೂತಿದ್ದ ಲಲಿತಾಳನ್ನು ಕೇಳಿದರು, ಕೇಳಬೇಕಲ್ಲ ಎಂದು ಕೇಳುವ ಹಾಗೆ: "ಏನಮ್ಮಾ, ನೀವೇ ಅಲ್ಲವೇ ಇದನ್ನು ನೋಡಿಕೊಳ್ಳುವುದು? ಈ ಪೆಟ್ಟಿಗೆಯಿಂದಲೇ ಬರುತ್ತಿದೆ ತಾನೇ?"

ಪ್ರಭುಲಿಂಗ ಅವಳ ಪರವಾಗಿ ಆಗಲೇ ತಲೆ ಅಲ್ಲಾಡಿಸುತ್ತಿದ್ದರು. ಹ್ಞೂಂ ಎಂಬುದು ಅಭ್ಯಾಸದಂತೆ ಗಂಟಲಿನ ತನಕ ಬಂತು. ಲಲಿತಾ ಅದನ್ನು ನುಂಗಿ ಎದ್ದು ನಿಂತಳು. ದನಿ ನಡುಗಿತು, ನಡುಗಲಿ ಎಂದು ಬಿಟ್ಟಳು.

"ಇಲ್ರಿ. ಆ ಪೆಟ್ಟಿಗಿ ಸತ್ತು ಎರಡು ಮಳಿಗಾಲ ಆತ್ರಿ. ಈಗ ಬರಾಕತ್ತಿದ್ದು ನನ್ನ ಫೋನಿಂದು. ಅದು ಮ್ಯಾಲ ಟಾಕಿ ಮ್ಯಾಲ, ಮಾಳಪ್ಪಣ್ಣನ ಕೈಯಾಗ ಐತ್ರಿ. ಈ ಊರಿಗೆ ಖರೆ ಬಂದದ್ದು ಒಂದ ತಂತಿ, ಲಾಡಬಿ ಎಳಿಸಿದ್ದು. ಅದನ್ನ ನಿನ್ನೆ ನಾವ ಕಡಿಸೇವ್ರಿ."