ಹಗುರ ಗಣಿತ

ದರ್ಜಿಯ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತೆಂದರೆ ಊಟದ ಹೊತ್ತಾಯಿತೆಂದೇ ಅರ್ಥ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ. ದರ್ಜಿ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಇವರೆಲ್ಲರ ಮೇಲೆ ದರ್ಜಿಯ ಅಕ್ಕ. ಮಕ್ಕಳಿಗೆ ಆಕೆ ಅತ್ತೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, ಹಗಲಿಡೀ ಕಾಜ ಹೊಲಿದು, ಗುಂಡಿ ಹಾಕಿ, ಕುಸಿದಿದ್ದ ಸಂಸಾರವನ್ನು ಎತ್ತಿ ನಿಲ್ಲಿಸಿದವಳು. ಆಕೆಯ ಮಾತಿಗೆ ಎದುರಾಡುವ ರೂಢಿ ಆ ಮನೆಯಲ್ಲಿರಲಿಲ್ಲ.

ಹಿರಿಯ ಮಗಳನ್ನು ಹುಟ್ಟಿದಾಗಿನಿಂದ ಬೇಬಿ ಎಂದು ಕರೆದರು. ಅಪ್ಪನ ಭುಜದೆತ್ತರಕ್ಕೆ ಬೆಳೆದ ಮೇಲೂ ಅವಳು ಬೇಬಿಯೇ. ಅತ್ತೆಯ ಮಾತ್ರೆ ತರಲು ಹೋದರೆ, ಡಬ್ಬಿಯೊಳಗಿನ ಸಣ್ಣಕ್ಷರದ ಕಾಗದವನ್ನು ದಾರಿಯುದ್ದಕ್ಕೂ ಓದುತ್ತ ಬರುವಳು. ಔಷಧಿ ತಯಾರಿಸುವ ವಿದ್ಯೆ ಕಲಿಯಬೇಕೆಂಬುದು ಅವಳ ಆಸೆ.

ಒಂಬತ್ತನೆಯ ತರಗತಿಯಲ್ಲಿ ಶಾಲೆಯ ಗಣಿತ ಎರಡಾಗುತ್ತಿತ್ತು. ಒಂದು ಪೂರ್ಣ ಗಣಿತ. ಇನ್ನೊಂದರಲ್ಲಿ ಕೂಡು, ಕಳೆ, ಬಡ್ಡಿ, ಅಂಗಡಿ ಲೆಕ್ಕ ಇಷ್ಟೇ. ಅದಕ್ಕೆ ಬೀದಿಯವರು ಇಟ್ಟ ಹೆಸರು ಹಗುರ ಗಣಿತ. ಆ ಬೀದಿಯ ಹೆಣ್ಣುಮಕ್ಕಳೆಲ್ಲ ಹಗುರದ್ದನ್ನೇ ಆರಿಸಿಕೊಳ್ಳುವುದು ವಾಡಿಕೆ. ಅದನ್ನು ಯಾರು ಶುರುಮಾಡಿದರೋ ಯಾರಿಗೂ ತಿಳಿಯದು. ಮುಖ್ಯೋಪಾಧ್ಯಾಯರಿಗೂ ಅದು ಹಿತವಾಗಿತ್ತು: ನಪಾಸಾಗುವವರು ಕಡಿಮೆಯಾದಷ್ಟೂ ಶಾಲೆಗೆ ಹೆಸರು.

ಒಂದು ಸಂಜೆ ಗಣಿತದ ಟೀಚರು ಮನೆಗೇ ಬಂದರು. ರವಿಕೆ ಹೊಲಿಸಲು ಬಂದರೆಂದು ದರ್ಜಿ ಟೇಪು ಹಿಡಿದು ಎದ್ದ.

"ಹೊಲಿಗೆಗಲ್ಲ. ನಿಮ್ಮ ಮಗಳ ವಿಷಯ ಮಾತಾಡ್ಬೇಕಿತ್ತು. ಅವಳಿಗೆ ಪೂರ್ಣ ಗಣಿತ ಕೊಡ್ಸಿ. ಔಷಧಿ ವಿಜ್ಞಾನ ಓದ್ತೀನಿ ಅಂತಾಳೆ. ಇದಿಲ್ದೆ ಅಲ್ಲಿ ನಿಭಾಯ್ಸೋಕಾಗಲ್ಲ."

ದರ್ಜಿ ಅಕ್ಕನ ಮುಖ ನೋಡಿದ.

"ಹೆಣ್ಣುಮಗೂಗೆ ಅಷ್ಟೊಂದು ತಲೆನೋವು ಯಾಕ್ರೀ?" ಅತ್ತೆ ಕಾಜದಿಂದ ಕಣ್ಣೆತ್ತಲಿಲ್ಲ. "ನಾನು ಓದಿದ್ದು ಹಗುರದ್ದೇ. ಇವಳಮ್ಮನೂ ಅದೇ. ನಮಗೇನು ಬದುಕೋಕೆ ಬರ್ಲಿಲ್ವಾ?"

"ಬಂತು ಅಮ್ಮ. ಆದ್ರೆ ಇವಳು ಹೋಗ್ಬೇಕು ಅಂತಿರೋ ಜಾಗ ಬೇರೆ. ಅಲ್ಲಿ ಇದು ಬಂದೇ ಬರುತ್ತೆ ಅಂದ್ಕೊಂಡು ಪಾಠ ಶುರುಮಾಡ್ತಾರೆ."

"ಅಲ್ಲಿ ಕೇಳೋದು ಮಾರ್ಕು. ಹಗುರದ್ರಲ್ಲಿ ಮಾರ್ಕು ಚೆನ್ನಾಗಿ ಬರುತ್ತೆ. ಕಷ್ಟದ್ದು ತಗೊಂಡು ನಪಾಸಾದ್ರೆ ಬೀದೀಲಿ ಮುಖ ತೋರಿಸ್ಬೇಕಾದೋರು ನಾವು, ನೀವಲ್ಲ."

ಟೀಚರು ಬೇಬಿಯ ಕಡೆ ತಿರುಗಿದರು. "ನೀನೇನಂತೀಯಮ್ಮ?"

ಬೇಬಿ ಅಪ್ಪನನ್ನು ನೋಡಿದಳು. ಅಪ್ಪ ಟೇಪನ್ನು ಸುರುಳಿ ಸುತ್ತುತ್ತಿದ್ದ. "ಅತ್ತೆ ಹೇಳ್ದಂಗೇ ಆಗ್ಲಿ ಟೀಚರ್," ಎಂದಳು.

ಕೆಟ್ಟವರೆಂದು ಬೆರಳು ಮಾಡಿ ತೋರಿಸಲು ಈ ಮನೆಯಲ್ಲಿ ನನಗೆ ಒಬ್ಬರೂ ಸಿಗುವುದಿಲ್ಲ. ಅತ್ತೆಗೆ ಆ ಹುಡುಗಿಯೆಂದರೆ ಪ್ರಾಣ. ಮಗುವಿಗೆ ಭಾರವಾದೀತೆಂದು, ಅಕ್ಕರೆಯಿಂದಲೇ, ಅವಳ ಮುಂದಿನ ದಾರಿಯನ್ನು ಆಕೆ ಕತ್ತರಿಸಿದಳು.

ಮೊದಲಿಗೆ ಅತ್ತೆಯ ಮಾತೇ ನಿಜವಾಯಿತು. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಬೇಬಿಗೆ ಎಷ್ಟು ಒಳ್ಳೆಯ ಅಂಕ ಬಂತೆಂದರೆ ಬೀದಿಯವರೆಲ್ಲ ಬಂದು ಹೊಗಳಿದರು. ವಿಶ್ವವಿದ್ಯಾಲಯದವರು ನೋಡಿದ್ದೂ ಒಟ್ಟು ಅಂಕವನ್ನೇ. ದೂರದ ನಗರದಲ್ಲಿ ಔಷಧಿ ವಿಜ್ಞಾನಕ್ಕೆ ಸೀಟು ಸಿಕ್ಕಿತು. ಅಪ್ಪ ಹೊಲಿದ ಹೊಸ ಬಟ್ಟೆ ತೊಟ್ಟು ಅವಳು ಹೊರಟಳು.

ಮೊದಲ ವಾರದಲ್ಲೇ ಒಬ್ಬ ಅಧ್ಯಾಪಕರು ಹಲಗೆಯ ಮೇಲೆ ಬಾಗುತ್ತ ಇಳಿಯುವ ಗೆರೆಯೊಂದನ್ನು ಎಳೆದರು. ನುಂಗಿದ ಔಷಧಿ ರಕ್ತದಲ್ಲಿ ಹೇಗೆ ಕಡಿಮೆಯಾಗುತ್ತ ಬರುತ್ತದೆ ಎಂಬುದು ಪಾಠ. ಅವಳು ಬಾಲ್ಯದಿಂದಲೂ ತಿಳಿಯಬೇಕೆಂದಿದ್ದುದು ಅದನ್ನೇ. "ಇದರ ಗಣಿತ ನಿಮಗೆಲ್ಲ ಶಾಲೆಯಲ್ಲೇ ಆಗಿದೆ, ಮುಂದೆ ಹೋಗೋಣ," ಎಂದು ಅವರು ಒಂದು ಸಾಲು ಬರೆದು ಒರೆಸಿದರು. ಸುತ್ತ ಎಲ್ಲರ ಪೆನ್ನುಗಳೂ ಓಡುತ್ತಿದ್ದವು.

ಆ ಸಂಜೆ ಹಾಸ್ಟೆಲಿನಲ್ಲಿ, ಒರೆಸಿಹೋದ ಆ ಸಾಲಿನ ಗಣಿತವೇನೆಂದು ಕೋಣೆಯ ಗೆಳತಿಯನ್ನು ಕೇಳಿದಳು. ದಂತವೈದ್ಯರ ಮಗಳು ಆಕೆ.

"ಲಾಗರಿದಮ್ ಗೊತ್ತಿಲ್ವಾ? ತಮಾಷೆ ಮಾಡ್ತಿದೀಯಾ?"

ಚುಚ್ಚಲೆಂದು ಹೇಳಿದ್ದಲ್ಲ, ಅವಳು ನಿಜವಾಗಿಯೂ ತಮಾಷೆಯೆಂದುಕೊಂಡಿದ್ದಳು. ಬೇಬಿ ನಕ್ಕಳು. "ಹೂಂ ಕಣೆ, ಸುಮ್ನೆ ತಮಾಷೆಗೆ." ಆಮೇಲೆ ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ.

ಎಲ್ಲರೂ ಉಂಡೆದ್ದ ಮೇಲೆ ಊಟದ ಕೋಣೆಗೆ ಹೋಗುವುದು ಅಭ್ಯಾಸವಾಯಿತು. ಆಗ ಮೇಜು ಒರೆಸುವವರನ್ನು ಬಿಟ್ಟರೆ ಬೇರೆ ಯಾರೂ ಇರುತ್ತಿರಲಿಲ್ಲ. ಪಾಠದ ಮಾತು ಬರುತ್ತಿರಲಿಲ್ಲ. ಗ್ರಂಥಾಲಯದ ಪುಸ್ತಕಗಳೂ ಅವಳಿಗೆ ಗೊತ್ತಿರಬೇಕಾದದ್ದು ಗೊತ್ತಿದೆಯೆಂದೇ ಮಾತು ತೆಗೆಯುತ್ತಿದ್ದವು. ರಜಾದಿನ ಹಾಸ್ಟೆಲಿನ ಮಹಡಿಯ ಪಡಸಾಲೆಯ ತುದಿಯಲ್ಲಿ ನಿಂತು, ಕೆಳಗೆ ಗುಂಪುಗುಂಪಾಗಿ ಹೊರಡುವವರನ್ನು ನೋಡುವಳು. ಮನೆಯಿಂದ ಫೋನು ಬರುತ್ತಿತ್ತು.

"ಊಟ ಆಯ್ತಾ ಬೇಬಿ?"

"ಆಯ್ತಮ್ಮ."

"ಓದು?"

"ನಡೀತಿದೆ."

ಎರಡು ವರ್ಷ ಹೀಗೆ ನಡೆಯಿತು. ಎರಡನೆಯ ಸಲವೂ ಮೊದಲ ವರ್ಷದ ಪರೀಕ್ಷೆಯಲ್ಲೇ ನಪಾಸಾದಾಗ ವಿಶ್ವವಿದ್ಯಾಲಯದವರು ಅವಳನ್ನು ಕೈಬಿಟ್ಟರು. ಪೆಟ್ಟಿಗೆ ಹೊತ್ತು ಒಬ್ಬಳೇ ಊರಿಗೆ ಬಂದಳು.

"ಹಗುರದ್ದು ಓದಿಯೇ ಹಿಂಗಾಯ್ತು," ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಇನ್ನು ಕಷ್ಟದ್ದು ತಗೊಂಡಿದ್ರೆ ಏನ್ ಗತಿಯಾಗ್ತಿತ್ತೋ."

ಬೇಬಿ ಪೆಟ್ಟಿಗೆಯನ್ನು ಮೂಲೆಗೆ ಸರಿಸಿದಳು. ಅತ್ತೆಯ ಪಕ್ಕದಲ್ಲಿ ಕೂತು ಕಾಜ ಹೊಲಿಯತೊಡಗಿದಳು. ಗಿರಾಕಿಗಳು "ಓದು ಮುಗೀತಾ?" ಎಂದರೆ "ಮುಗೀತು" ಎನ್ನುವಳು. ಮನೆ ತುಂಬ ಜನರಿದ್ದರೂ ಅವಳು ಇನ್ನೂ ಆ ಹಾಸ್ಟೆಲಿನ ಪಡಸಾಲೆಯ ತುದಿಯಲ್ಲೇ ನಿಂತಂತಿದ್ದಳು.

ಆ ವರ್ಷ ತಂಗಿ ಒಂಬತ್ತನೆಯ ತರಗತಿಗೆ ಬಂದಳು. ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಲೇ, "ನಂಗೆ ಪೂರ್ಣ ಗಣಿತ ಬೇಕು," ಎಂದಳು.

"ಅಕ್ಕನ್ನ ನೋಡಿಯೂ ಬುದ್ಧಿ ಬರ್ಲಿಲ್ವೇನೇ?" ಎಂದಳು ಅತ್ತೆ.

ಬೇಬಿ ತುತ್ತು ಕೆಳಗಿಟ್ಟಳು. "ಅತ್ತೆ, ನಾನು ಸೋತಿದ್ದು ಪಾಠ ಕಷ್ಟ ಅಂತಲ್ಲ. ಅದರ ಹಿಂದಿನ ಪಾಠ ನಂಗೆ ಆಗೇ ಇರ್ಲಿಲ್ಲ. ಎಲ್ರೂ ಬರ್ಕೋತಿದ್ರು. ನಾನು ಬರೀತಿರೋ ಹಾಗೆ ಸುಮ್ನೆ ಪೆನ್ನು ಆಡಿಸ್ತಾ ಕೂತಿರ್ತಿದ್ದೆ."

"ಹೇಳ್ಬಾರ್ದಿತ್ತಾ ಮಗಳೇ?" ಎಂದಳು ಅಮ್ಮ.

"ಏನಂತ ಹೇಳ್ಲಿ? ಊಟ ಆಯ್ತಾ ಅಂತ ಕೇಳ್ತಿದ್ರಿ. ಆಗಿರ್ತಿತ್ತು."

"ನಿನ್ನ ಒಳ್ಳೇದಕ್ಕೇ ಅಲ್ವೇನೇ ನಾನು..." ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಗೊತ್ತು ಅತ್ತೆ."

ತಂಗಿ ತಲೆಯೆತ್ತಿದಳು. "ನಪಾಸಾಗೋದಿದ್ರೆ ನಾನು ಇಲ್ಲೇ ಆಗ್ತೀನಿ ಅತ್ತೆ. ಇಲ್ಲಿ ನೀವೆಲ್ಲ ಇದೀರ. ಅಕ್ಕ ನಪಾಸಾದಾಗ ಅವಳ ಜೊತೆ ಯಾರೂ ಇರ್ಲಿಲ್ಲ."

ಅತ್ತೆ ಅರ್ಧ ಊಟದಲ್ಲೇ ಎದ್ದು ಒಳಗೆ ಹೋದಳು. ಆಕೆಯನ್ನು ಸಮಾಧಾನಪಡಿಸಲು ಯಾವಾಗಲೂ ಹಿಂದೆಯೇ ಏಳುತ್ತಿದ್ದ ದರ್ಜಿ ಅಂದು ಏಳಲಿಲ್ಲ.

ಮರುದಿನ ಅವನು ಅಂಗಡಿ ತೆರೆಯದೆ ಶಾಲೆಗೆ ಹೋದ.

"ನಿಮ್ಮ ಬೀದಿಯ ಹುಡುಗೀರನ್ನೆಲ್ಲ ಹಗುರದ್ದಕ್ಕೇ ಹಾಕಿದೀನಲ್ಲ," ಎಂದರು ಮುಖ್ಯೋಪಾಧ್ಯಾಯರು.

"ನಮ್ಮ ಹುಡುಗಿಗೆ ಪೂರ್ಣ ಗಣಿತ ಕೊಡಿ ಸಾರ್."

"ಕಷ್ಟ ಆಗುತ್ತೆ ನೋಡಿ."

"ಆಗ್ಲಿ ಸಾರ್."

ಕೆಲಸ ಮುಗಿದರೂ ಅವನು ಕದಲಲಿಲ್ಲ. "ಇನ್ನೊಬ್ಬಳಿದಾಳೆ ಸಾರ್, ದೊಡ್ಡವಳು. ಅವಳೂ ಹಿಂದಿನ ಬೆಂಚಲ್ಲಿ ಕೂತು ಕಲೀಬಹುದಾ?"

"ಯುನಿವರ್ಸಿಟಿಗೆ ಹೋಗಿದ್ದೋಳಲ್ವೇನ್ರೀ ಅವಳು? ಯಾವ ತರಗತೀಲಿ ಕೂರಿಸ್ಲಿ?"

"ಒಂಬತ್ತರಲ್ಲೇ ಕೂರಿಸಿ," ಎಂದ ದರ್ಜಿ. "ಅವಳಿಗೆ ಗಣಿತ ಆರಿಸೋವಾಗ ನಾನು ಬಾಯಿ ಮುಚ್ಕೊಂಡು ಕೂತಿದ್ದು ಅಲ್ಲೇ."